ಅಪ್ಪನ ಮಚ್ಛರದಾನಿ

ಯಾರ ತೊಡೆಯ ಮೇಲೆ ಎಂಬುದನ್ನು ಮನೆಯಲ್ಲಿ ಇನ್ನೂ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಮಧ್ಯಾಹ್ನ ಇಳಿದ ಮೇಲೆ ಅಯ್ಯನವರು ಬಂದು ಕೂಸಿಗೆ ಲಿಂಗ ಕಟ್ಟುವವರಿದ್ದರು. ಕಟ್ಟುವಾಗ ಕೂಸು ತಾಯಿಯ ತಂದೆಯ ತೊಡೆಯ ಮೇಲಿರಬೇಕು, ಅದು ಈ ಮನೆತನದಲ್ಲಿ ಮೊದಲಿನಿಂದ ನಡೆದುಕೊಂಡು ಬಂದದ್ದು. ನೀಲಕಂಠನಿಗೆ ಕಟ್ಟಿದ್ದೂ ದೋರನಹಳ್ಳಿಯ ಅಜ್ಜನ ತೊಡೆಯ ಮೇಲೆಯೇ ಅಂತೆ, ಆಗ ಅವನು ಅಜ್ಜನ ಹೊಸ ಧೋತರವನ್ನೆಲ್ಲ ತೋಯಿಸಿಬಿಟ್ಟಿದ್ದನಂತೆ. ಆ ಕಥೆಯನ್ನು ಅವನ ತಾಯಿ ಸಾಯುವತನಕ ಹೇಳಿ ಹೇಳಿ ನಗುತ್ತಿದ್ದಳು. ಈಗ ಅವನು ಶಹಾಪುರದ ತನ್ನ ಮನೆಯ ಪಡಸಾಲೆಯಲ್ಲಿ, ಮಚ್ಛರದಾನಿಯೊಳಗೆ, ಮಂಚದ ಮೇಲೆ ಎಡಗಾಲು ಚಾಚಿಕೊಂಡು ಕೂತು, ಹೆಂಡತಿ ಕಲ್ಯಾಣಮ್ಮ ನೆಲ ಒರೆಸುವುದನ್ನು ಸೊಳ್ಳೆಪರದೆಯ ಸಣ್ಣ ತೂತುಗಳಿಂದ ನೋಡುತ್ತಿದ್ದ. ಅವಳು ಮಂಚದ ಕೆಳಗೂ ಕೈಹಾಕಿ ಒರೆಸಿದಳು, ಮೇಲೆ ನೋಡಲಿಲ್ಲ. "ಲಗೂನ ಜಳಕಾ ಮಾಡ್ರಿ," ಎಂದಳು ನೆಲಕ್ಕೇ. "ಹೊಸಾ ಧೋತ್ರ ತಗದಿಟ್ಟೇನಿ, ಅದನ್ನ ಉಟ್ಕೊಳ್ರಿ. ಕಕ್ಕೇರಾದ ಬೀಗರು ಊಟದ ಹೊತ್ತಿಗೇ ಬರ್ತಾರ." ನೀಲಕಂಠ ಮಾತಿನ ಉಳಿದರ್ಧಕ್ಕೆ ಕಾದ. ನೀವು ಕೂಸಿನ್ನ ಹಿಡ್ಕೊಂಡು ಕೂಡಬೇಕಲ್ಲ ಅನ್ನುವ ಉಳಿದರ್ಧ. ಅವಳು ಅರಿವೆ ಹಿಂಡಿ, ಬಕೆಟ್ ಎತ್ತಿಕೊಂಡು ಹಿತ್ತಲಿಗೆ ಹೋದಳು. ಕೇಳಿಬಿಡಬಹುದಿತ್ತು. ಕೇಳಿದರೆ ಉತ್ತರ ಬರುತ್ತದೆ, ಆ ಭಯಕ್ಕೇ ಅವನು ನಾಲ್ಕು ದಿನದಿಂದ ಕೇಳದೆ ಉಳಿದಿದ್ದ.

ಈ ಮಚ್ಛರದಾನಿ ಬಂದ ದಿನ ಅವನಿಗೆ ಎಷ್ಟು ಸಂತೋಷವಾಗಿತ್ತು ಅಂದರೆ, ಈಗ ನೆನೆಸಿಕೊಂಡರೆ ಮೈಯೆಲ್ಲ ಕಾವೇರುವಷ್ಟು ನಾಚಿಕೆಯಾಗುತ್ತದೆ. ಮಗಳು ಕಸ್ತೂರಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದವಳು, ಹೆರುವ ಮೊದಲೇ ತಮ್ಮನನ್ನು ಪೇಟೆಗೆ ಅಟ್ಟಿ ಇದನ್ನು ತರಿಸಿದ್ದಳು. "ಅಪ್ಪಾ, ಇದು ನಿನಗ." ಮೆತ್ತನೆಯ ಬಿಳಿ ಬಲೆ, ಅಂಚಿಗೆ ನೀಲಿ ಪಟ್ಟಿ. ಊರ ಸುತ್ತ ಕಾಲುವೆ ನೀರು ಬಂದು ನೆಲ್ಲು ನಿಂತಾಗಿನಿಂದ ಸೊಳ್ಳೆಗಳು ಹೊತ್ತು ಮುಳುಗುವುದನ್ನೇ ಕಾಯುತ್ತವೆ. ಮನೆಯ ಮುಂದಿನ ಗಟಾರದ ಮೇಲೆ ಅವುಗಳ ಗುಂಪು ಕೈಗೆ ತಗಲುವಷ್ಟು ದಟ್ಟ. ಜೀವಮಾನವಿಡೀ ಕಿರಾಣಿ ಅಂಗಡಿಯ ಗಲ್ಲಾದ ಮೇಲೆ ಕೂತು ಊರಿಗೆಲ್ಲ ಸೊಳ್ಳೆ ಕಾಯಿಲು, ಲೋಬಾನ, ಸೊಳ್ಳೆ ಬ್ಯಾಟು ಮಾರಿದವನಿಗೆ ಯಾರೂ ಒಂದು ಮಚ್ಛರದಾನಿ ತಂದುಕೊಟ್ಟಿರಲಿಲ್ಲ. ಅಂಚು ಸ್ವಲ್ಪ ಗಿಡ್ಡವಾಯಿತೆಂದು ಅವನೇ ಅದನ್ನು ಕಂಕುಳಲ್ಲಿ ಇಟ್ಟುಕೊಂಡು, ಕಾಲು ಎಳೆಯುತ್ತ, ಓಣಿಯ ಮೂಲೆಯ ದರ್ಜಿ ಅಮೀನುದ್ದೀನನ ಹತ್ತಿರ ಹೋಗಿದ್ದ. "ಮಗಳು ಕೊಡಿಸ್ಯಾಳ್ರಿ, ಸುತ್ತ ಒಂದು ಗೇಣು ಬಟ್ಟಿ ಕೂಡಿಸ್ರಿ," ಎಂದು ಅಂಗಡಿಯಲ್ಲಿ ಕೂತವರಿಗೆಲ್ಲ ಕೇಳುವ ಹಾಗೆ ಹೇಳಿದ್ದ. ಅಮೀನುದ್ದೀನ ಬಲೆಯನ್ನು ಬೆಳಕಿಗೆ ಹಿಡಿದು, "ನಸೀಬದಾರ ಅದೀರಿ ಸಾವಕಾರ್ರ. ನನ್ನ ಮಕ್ಕಳು ನಂದೇ ರಜಾಯಿ ಎಳ್ಕೊಂಡು ಮಕ್ಕೋತಾವ," ಅಂದಿದ್ದ. ಎಲ್ಲರೂ ನಕ್ಕಿದ್ದರು, ನೀಲಕಂಠನೂ ಮನಸಾರೆ ನಕ್ಕಿದ್ದ. ಮನೆಗೆ ಬರುವಾಗ ದಾರಿಯಲ್ಲಿ ಇಬ್ಬರನ್ನು ತಾನೇ ನಿಲ್ಲಿಸಿ ಮಾತನಾಡಿಸಿದ್ದ, ಕಂಕುಳಲ್ಲಿರುವುದು ಏನು ಎಂದು ಅವರು ಕೇಳಲಿ ಎಂದು.

ಕೂಸು ಹುಟ್ಟಿ ಕಸ್ತೂರಿ ದವಾಖಾನೆಯಿಂದ ಮನೆಗೆ ಬಂದ ಮೇಲೆ ಒಂದು ಮುಂಜಾನೆ ಅವನು ನೀರು ಕುಡಿಯಲು ಅಡುಗೆಮನೆಯ ಕಡೆಗೆ ಹೋಗಿದ್ದ. ಒಳಗೆ ಕಸ್ತೂರಿ ತಾಯಿಗೆ ಹೇಳುತ್ತಿದ್ದಳು: "ಮೊಬೈಲಿನ್ಯಾಗ ಡಾಕ್ಟರ್ ಹೇಳಿದ್ದು ನಾನೇ ಕೇಳೇನಿ ಯವ್ವಾ. ಸೊಳ್ಳಿ ಆನಿಕಾಲಿನವ್ರನ್ನ ಕಚ್ಚಿ ಹುಳಾ ತಗೋತದಂತ, ಆಮ್ಯಾಲ ಬ್ಯಾರೇದವ್ರಿಗೆ ಕಚ್ಚಿ ಬಿಡ್ತದಂತ. ಅಪ್ಪನ್ನ ಒಳಗ ಇಟ್ಟುಬಿಟ್ರ ಸೊಳ್ಳಿ ಅವನ ತನಕಾ ಹೋಗಂಗಿಲ್ಲ. ಹೋಗ್ಲಿಲ್ಲಂದ್ರ ಕೂಸಿಗೆ ಏನೂ ಆಗಂಗಿಲ್ಲ." ಕಲ್ಯಾಣಮ್ಮ, "ಸಾವಕಾಶ ಮಾತಾಡು," ಎಂದಳು. ನೀಲಕಂಠ ನೀರು ಕುಡಿಯದೆ ತಿರುಗಿ ಬಂದ. ಬಂದವನು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಪಡಸಾಲೆಯ ನಡುವೆ ಸ್ವಲ್ಪ ಹೊತ್ತು ನಿಂತ, ಆಮೇಲೆ ಮಚ್ಛರದಾನಿ ಎತ್ತಿ ಒಳಗೆ ಹೋಗಿ ಅಂಚನ್ನು ಗಾದಿಯ ಕೆಳಗೆ ತಾನೇ ಸಿಕ್ಕಿಸಿಕೊಂಡ. ಸೊಳ್ಳೆಗಳಿಂದ ತನ್ನನ್ನು ಕಾಪಾಡಲಿಕ್ಕೆ ಅಲ್ಲ, ತನ್ನಿಂದ ಸೊಳ್ಳೆಗಳನ್ನು ಕಾಪಾಡಲಿಕ್ಕೆ! ಈ ವಿಚಾರ ಬಂದಾಗ ಅವನಿಗೆ ನಗೆ ಬಂತು, ನಗುತ್ತಲೇ ಕೆಮ್ಮು ಬಂತು. ಅಡುಗೆಮನೆಯಿಂದ ಕಸ್ತೂರಿ, "ಅಪ್ಪಾ, ಬಿಸಿನೀರು ಕೊಡ್ಲೇನು?" ಎಂದು ಕೂಗಿದಳು. ಆ ದನಿಯಲ್ಲಿ ಕಪಟವಿರಲಿಲ್ಲ. ಇದ್ದಿದ್ದರೆ ಅವಳ ಮೇಲೆ ಸಿಟ್ಟಾದರೂ ಬರುತ್ತಿತ್ತು.

ಜಳಕಕ್ಕೆ ಹೋದಾಗ ಮೊದಲು ಕಾಲು ತೊಳೆದ. ಅವನ ಕಾಲಿಗೆ ಬೇರೆ ಟಬ್ಬು, ಬೇರೆ ಸಾಬೂನು, ಬೇರೆ ಮೊಳೆಗೆ ತೂಗುಹಾಕಿದ ಬೇರೆ ಅರಿವೆ. ಯಾದಗಿರಿಯ ದವಾಖಾನೆಯಲ್ಲಿ ಹೇಳಿಕೊಟ್ಟ ಹಾಗೆ ಉಗುರುಬೆಚ್ಚನೆಯ ನೀರಲ್ಲಿ ಮೊಣಕಾಲಿನಿಂದ ಕೆಳಗೆ ಮೆಲ್ಲಗೆ ಉಜ್ಜಿ, ಬೆರಳ ಸಂದಿಗಳಲ್ಲಿ ಪಸೆ ಉಳಿಯದಂತೆ ಒರೆಸಿ, ಮುಲಾಮು ಹಚ್ಚಬೇಕು. ಸಂದಿಯಲ್ಲಿ ಹುಣ್ಣಾದರೆ ಜ್ವರ ಬರುತ್ತದೆ, ಜ್ವರ ಬಂದಾಗಲೆಲ್ಲ ಕಾಲು ಇನ್ನಷ್ಟು ಬಲಿಯುತ್ತದೆ. ವರ್ಷಾನುಗಟ್ಟಲೆ ಈ ಕಾಲನ್ನು ಒಬ್ಬ ಹಟಮಾರಿ ಹುಡುಗನನ್ನು ಸಾಕಿದ ಹಾಗೆ ಸಾಕಿದ್ದಾನೆ. ಕಸ್ತೂರಿಯ ಮದುವೆ ಮಾತುಕತೆಯಲ್ಲಿ ಇದನ್ನು ಬಸ್ಸಿನ ಬಾಗಿಲಿಗೆ ಸಿಕ್ಕು ಮುರಿದ ಕಾಲು ಎಂದು ಹೇಳಿದ್ದರು. ಕಕ್ಕೇರಾದ ಬೀಗ ರೇವಣಸಿದ್ದ ಒಮ್ಮೆ ಕೆಳಗೆ ನೋಡಿದ್ದ, ಆಮೇಲೆ ಇವತ್ತಿನವರೆಗೂ ಇವನ ಮುಖವನ್ನು ಬಿಟ್ಟು ಬೇರೆಲ್ಲೂ ನೋಡಿಲ್ಲ. ಅಷ್ಟು ಜಾಗ್ರತೆಯಿಂದ ಮುಖವನ್ನೇ ನೋಡುವವನಿಗೆ ಎಲ್ಲ ಗೊತ್ತಿದೆ ಎಂದೇ ಅರ್ಥ. ಅಂಗಡಿಯಲ್ಲೂ ಹಾಗೇ ನಡೆದಿತ್ತು. ಗಲ್ಲಾದ ಹಿಂದೆ ಕಾಲು ಕಾಣುತ್ತಿರಲಿಲ್ಲ, ಅಲ್ಲಿ ಅವನು ಪೂರ್ತಿ ಮನುಷ್ಯನಾಗಿದ್ದ. ಒಂದು ದಿನ ಸಕ್ಕರೆ ಕಟ್ಟಿಕೊಡಲು ಎದ್ದಾಗ ಒಬ್ಬ ಹೆಣ್ಣುಮಗಳು ತನ್ನ ಕೂಸನ್ನು ಹಿಂದಕ್ಕೆ ಎಳೆದುಕೊಂಡು, "ಆ ಅಣ್ಣಗ ಕೊಡಾಕ ಹೇಳ್ರಿ," ಎಂದು ಮಗ ಬಸವಕುಮಾರನ ಕಡೆಗೆ ಕೈ ತೋರಿಸಿದ್ದಳು. ಆ ವಾರದಿಂದಲೇ ನೀಲಕಂಠ, ಮೊಣಕಾಲು ನೋವು, ಇನ್ನು ನೀನೇ ಕೂಡಪ್ಪ ಎಂದು ಅಂಗಡಿಯ ಬೀಗದಕೈ ಮಗನಿಗೆ ಕೊಟ್ಟಿದ್ದ. ಮಗ ಒಂದು ಮಾತಿಗಾದರೂ ಬೇಡವೆನ್ನದೆ ಇಸಿದುಕೊಂಡಿದ್ದ.

ಆದರೆ ಅವನಿಗೆ ಈಗ ಗೊತ್ತಿರುವ ಒಂದು ಸಂಗತಿ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಹೋದ ವಾರ ಆಶಾ ಕಾರ್ಯಕರ್ತೆ ನಾಗರತ್ನಾ ಕೂಸಿನ ತೂಕ ನೋಡಲು ಬಂದಿದ್ದಳು. ಹೊರಟಾಗ ನೀಲಕಂಠ ಅವಳನ್ನು ಕಟ್ಟೆಯ ಹತ್ತಿರ ನಿಲ್ಲಿಸಿ, ಆಚೀಚೆ ನೋಡಿ, ಕಳ್ಳಮಾಲು ಕೇಳುವವನಂತೆ ಕೇಳಿದ್ದ: ನನ್ನಿಂದ ಕೂಸಿಗೆ ಬರ್ತದೇನವ್ವಾ? ಅವಳು ಚೀಲವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು, "ಇಷ್ಟು ಹಳೀ ಕಾಲಿನ್ಯಾಗ ಹುಳಾ ಎಲ್ಲಿಂದ ಇರ್ಬೇಕ್ರಿ ಕಾಕಾ. ಅವು ಸತ್ತು ಯಾವ ಕಾಲ ಆತೋ. ಬಾವು ಅಷ್ಟೇ ಉಳದದ. ನಿಮ್ಮಂಥವ್ರಿಂದ ಬರೋದು ಭಾಳ ಕಡಿಮಿ," ಎಂದಳು. ಅವನಿಗೆ ಹೋದ ಜೀವ ಬಂದಂತಾಯಿತು. ಅಷ್ಟಕ್ಕೇ ಅವಳು ಹೋಗಿದ್ದರೆ ಚೆನ್ನಾಗಿತ್ತು. "ಏನೂ ಕಾಣ್ದೇ ಗಟ್ಟಿಮುಟ್ಟಿ ಇರ್ತಾರಲ್ರಿ, ಅವರ ರಗತದಾಗೇ ಇರ್ತಾವ. ಅದಕ್ಕ ವರ್ಷಾ ಮನೀಮಂದಿಗೆಲ್ಲಾ ಗುಳಿಗಿ ಕೊಡೋದು. ನಿಮ್ಮ ಮನ್ಯಾಗ ಎಲ್ಲಾರೂ ನುಂಗ್ಯಾರಲ್ರಿ, ಚಿಂತಿ ಇಲ್ಲ. ಸಂಶಯ ಇದ್ರ ರಾತ್ರಿ ಹೊತ್ತು ಒಂದು ಹನಿ ರಗತ ತಗೊಂಡು ನೋಡ್ತಾರ, ನಾ ಹೇಳ್ತೀನಿ ಬೇಕಂದ್ರ." ಪ್ರತಿ ವರ್ಷ ಇದೇ ನಾಗರತ್ನಾ ಗುಳಿಗೆ ತಂದು, ನನ್ನ ಮುಂದೇ ನುಂಗಲಿ ಎಂದಾಗ, ಇಟ್ಟು ಹೋಗವ್ವಾ, ಉಂಡಮ್ಯಾಲ ನುಂಗ್ತಾರ ಎಂದು ಸಾವಕಾರನ ಗತ್ತಿನಲ್ಲಿ ಹೇಳಿದವನು ಅವನೇ. ಅವಳು ನುಂಗಿದ ಗುರುತಿಗೆಂದು ಎಲ್ಲರ ಬೆರಳಿಗೆ ಮಸಿ ಹಚ್ಚಿ ಹೋಗುತ್ತಿದ್ದಳು. ಕಸ್ತೂರಿ ಹುಡುಗಿಯಾಗಿದ್ದಾಗ ತಲೆ ತಿರುಗುತ್ತದೆ ಎಂದು ತನ್ನ ಪಾಲಿನ ಗುಳಿಗೆಗಳನ್ನು ಗಟಾರಕ್ಕೆ ಎಸೆದದ್ದನ್ನು ಅವನು ಕಣ್ಣಾರೆ ಕಂಡಿದ್ದ, ಬಿಳಿ ಗುಳಿಗೆಗಳು ಕಪ್ಪು ನೀರಿನ ಅಂಚಿಗೆ ಕರಗುತ್ತ ಬಿದ್ದಿದ್ದವು. ಬಯ್ಯಲಿಲ್ಲ. ನುಂಗು ಎಂದು ಹಟ ಹಿಡಿದರೆ, ನನ್ನ ರೋಗ ನಿನ್ನೊಳಗೂ ಇರಬಹುದು ಎಂದು ಹೇಳಿದಂತೆ. ಈ ಮನೆಯಲ್ಲಿ ರೋಗ ಒಂದೇ ಕಾಲಿನದು, ಅದು ನನ್ನದು, ಅಲ್ಲಿಗೇ ಮುಗಿಯಲಿ ಎಂದುಕೊಂಡು ಮಗಳ ಮಸಿಬೆರಳನ್ನು ಹಿಡಿದು ಒಳಗೆ ಕರೆದುಕೊಂಡು ಬಂದಿದ್ದ.

ಹೀಗೆ ಅವನ ನಿರಪರಾಧಿತ್ವಕ್ಕೆ ಇದ್ದ ಒಂದೇ ಸಾಕ್ಷಿ ಮಗಳನ್ನು ಕಟಕಟೆಗೆ ಹತ್ತಿಸುವಂಥದು. ನನ್ನಿಂದ ಅಲ್ಲ ಎಂದರೆ ಮತ್ಯಾರಿಂದ ಎಂದು ಅವಳು ಕೇಳಿಯೇ ಕೇಳುತ್ತಾಳೆ. ಮೊಲೆ ಕುಡಿಸುವ ಹಸಿ ಬಾಣಂತಿ, ಎದೆಯ ಹಾಲನ್ನೂ ಸಂಶಯದಿಂದ ನೋಡಿಕೊಂಡಾಳು. ಆದರೂ ಹೊಸ ಧೋತರ ಉಟ್ಟು, ವಿಭೂತಿ ಹಚ್ಚಿಕೊಂಡ ಮೇಲೆ ಅವನಿಗೆ ಒಂದಿಷ್ಟು ಧೈರ್ಯ ಬಂತು. ಹೇಳುವುದು ತನ್ನ ಸಲುವಾಗಿ ಅಲ್ಲ, ಕೂಸಿನ ಸಲುವಾಗಿ, ರಕ್ತ ತೋರಿಸು ಎಂದಷ್ಟೇ ಹೇಳಿದರಾಯಿತು ಎಂದು ಒಳಕೋಣೆಯ ಬಾಗಿಲಿಗೆ ಹೋದ. ಆದರೆ ಹೆಜ್ಜೆ ಹಾಕುವಾಗಲೇ, ಇವತ್ತೇ ಯಾಕೆ ಹೇಳಬೇಕು, ನಾಳೆ ಯಾಕಲ್ಲ ಎಂದು ಮನಸ್ಸಿನೊಳಗಿನಿಂದ ಒಂದು ದನಿ ಕೇಳಿತು. ಇವತ್ತು ಕೂಸು ತನ್ನ ತೊಡೆಯ ಮೇಲೆ ಬರಬೇಕಾಗಿತ್ತು, ಅದಕ್ಕೇ. ಕಸ್ತೂರಿ ಕೂಸಿಗೆ ಎರೆದು, ಮೈಗೆ ಬೇವಿನೆಣ್ಣೆ ಬೆರೆಸಿದ ಕೊಬ್ಬರಿ ಎಣ್ಣೆ ಸವರುತ್ತಿದ್ದಳು. ಕೂಸಿನ ಮೊಣಕೈಯಲ್ಲಿ, ಕೆನ್ನೆಯಲ್ಲಿ ಸೊಳ್ಳೆ ಕಚ್ಚಿದ ಕೆಂಪು ಗಂದೆಗಳಿದ್ದವು. ಕೂಸಿನದೇ ಆದ ಛತ್ರಿಯಂಥ ಸಣ್ಣ ಮಚ್ಛರದಾನಿ ಮಡಚಿಕೊಂಡು ಕಪಾಟಿನ ಮೇಲೆ ಹೋಗಿತ್ತು. "ಅದ್ಯಾಕ ತಗದೆವ್ವಾ?" ಎಂದ. "ಸೆಕಿಗೆ ಚಿಟ್ಟನೆ ಚೀರ್ತಾನಪ್ಪಾ. ನಿಂದು ಕಟ್ಟೇವಲ್ಲ, ಇನ್ನ ಅಂಜಿಕಿ ಇಲ್ಲ," ಎಂದಳು, ಅಂದ ಮೇಲೆ ತುಟಿ ಕಚ್ಚಿಕೊಂಡಳು. ಅವಳ ಮುಖ ಕೆಂಪಾಯಿತು. ಅವನು ಕೇಳಿಸದವನಂತೆ ಹೊಸ್ತಿಲ ಆಚೆಯೇ ನಿಂತು, "ನೀ ಸಣ್ಣಾಕಿ ಇದ್ದಾಗ ಆ ಗುಳಿಗಿ..." ಎಂದು ಶುರುಮಾಡಿದ. "ಅಯ್ಯ, ಒಂದೂ ನುಂಗಿಲ್ಲ ನಾನು! ಎಲ್ಲಾ ಗಟಾರಕ್ಕ. ನೀ ನೋಡಿದ್ರೂ ಬೈತಿದ್ದಿಲ್ಲ," ಎಂದು ಅವಳು ನಕ್ಕಳು. ನಗುವಾಗ ಅವಳು ಮೂರನೇ ಇಯತ್ತೆಯ ಹುಡುಗಿಯಂತೆಯೇ ಕಂಡಳು. "ಹೌದು, ಬೈತಿದ್ದಿಲ್ಲ," ಎಂದು ಹೇಳಿ ತಿರುಗಿದ.

ಕಕ್ಕೇರಾದ ಬೀಗರು ಉಂಡು, ಎಲೆಅಡಿಕೆ ಹಾಕಿಕೊಂಡು, ಪಡಸಾಲೆ ತುಂಬ ಕೂತರು. ಮಚ್ಛರದಾನಿಯನ್ನು ಕಲ್ಯಾಣಮ್ಮ ಮೇಲಕ್ಕೆ ಎತ್ತಿ ಗಂಟು ಹಾಕಿದ್ದಳು, ಮಂಚದ ಮೇಲೆ ಹೊಸ ಚಾದರ ಹಾಸಿ ನೀಲಕಂಠನಿಗೆ ಅಲ್ಲೇ ಕೂಡಲು ಹೇಳಿದ್ದಳು. ಅವನ ಮೊಣಕಾಲಿನ ಮೇಲೆ ಒಂದು ಶಾಲು ಹೊದಿಸಿ, "ಫ್ಯಾನಿನ ಗಾಳಿ ಭಾಳದ," ಎಂದಳು ಎಲ್ಲರಿಗೂ ಕೇಳುವ ಹಾಗೆ. ಅಯ್ಯನವರು ಕೈಕಾಲು ತೊಳೆದು ಬಂದು, ಕಂಬಳಿಯ ಮೇಲೆ ಕೂತು, ಲಿಂಗ, ವಿಭೂತಿ, ದಾರ ಎಲ್ಲ ಹೊಂದಿಸಿಕೊಂಡರು. ಬಸವಕುಮಾರ ಒಗೆದ ಬಿಳಿ ಪಂಚೆ ಉಟ್ಟು ಅವರ ಎದುರಿಗೆ ಆಗಲೇ ಚಕ್ಕಳಬಕ್ಕಳ ಹಾಕಿ ಕೂತಿದ್ದ. ಆಗ ನೀಲಕಂಠನಿಗೆ ಎಲ್ಲ ತಿಳಿಯಿತು. ಯಾವಾಗಲೋ ಎಲ್ಲಿಯೋ ಇದು ನಿರ್ಧಾರವಾಗಿ ಹೋಗಿತ್ತು, ಪಂಚೆ ಕೂಡ ನಿನ್ನೆಯೇ ಒಗೆದು ಒಣಗಿತ್ತು. ಅಯ್ಯನವರು ಕಣ್ಣೆತ್ತಿ ನೋಡಿ, "ಇದ್ಯಾರು, ಸ್ವಾದರಮಾವ? ನಿನ್ನ ಪಾಳಿ ಇನ್ನ ಬಂದಿಲ್ಲ ತಮ್ಮಾ. ಅಜ್ಜ ಎಲ್ಲಿ? ಏ ನೀಲಕಂಠಪ್ಪಾ, ಅಲ್ಲಿ ಯಾಕ ಕೂತೀ, ಬಾ ಇಲ್ಲೆ. ನಿಮ್ಮ ಮನೆತನದಾಗ ತಾಯೀ ಅಪ್ಪನ ತೊಡಿ ಅಲ್ಲೇನು? ನಿನ್ನ ಹಿರೀ ತಂಗಿಗೆ ಕಟ್ಟಿದವ ನಾನೇ ಅದೀನಿ," ಎಂದರು. ಮುದುಕರು ದೊಡ್ಡ ದನಿಯವರು. ರೇವಣಸಿದ್ದ ನೀಲಕಂಠನ ಮುಖವನ್ನೇ ನೋಡುತ್ತಿದ್ದ. ಕಲ್ಯಾಣಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. ಕಸ್ತೂರಿ ಕೂಸನ್ನೆತ್ತಿಕೊಂಡು ಒಳಕೋಣೆಯ ಬಾಗಿಲಲ್ಲಿ ನಿಂತವಳು ಅದನ್ನು ಎದೆಗೆ ಇನ್ನಷ್ಟು ಒತ್ತಿ ಹಿಡಿದಳು. ಬೇಕೆಂದು ಮಾಡಿದ್ದಲ್ಲ, ಅವಳ ಕೈಗಳೇ ಹಾಗೆ ಮಾಡಿದವು.

ಎದ್ದು ಹೋಗಿ ಕೂತುಬಿಟ್ಟರೆ ಬೀಗರ ಎದುರಿಗೆ ಯಾರೂ ಬೇಡವೆನ್ನುತ್ತಿರಲಿಲ್ಲ. ಅದು ಅವನಿಗೆ ಸ್ಪಷ್ಟವಾಗಿ ಗೊತ್ತಿತ್ತು. ಕೂಸು ಅವನ ತೊಡೆಯ ಮೇಲೆ ಬರುತ್ತಿತ್ತು, ಬೆಚ್ಚಗೆ ಅಲ್ಲಾಡುತ್ತಿತ್ತು, ಧೋತರವನ್ನೂ ತೋಯಿಸುತ್ತಿತ್ತೋ ಏನೋ. ಆ ಹೊತ್ತಿಡೀ ಕಸ್ತೂರಿ ಉಸಿರು ಹಿಡಿದುಕೊಂಡು ನಿಂತಿರುತ್ತಿದ್ದಳು. ಕಟ್ಟಿ ಮುಗಿದ ಕೂಡಲೆ ಕೂಸನ್ನು ಕಸಿದುಕೊಂಡು ಒಳಗೆ ಹೋಗಿ ಬಿಸಿನೀರಲ್ಲಿ ಮೈ ಒರೆಸುತ್ತಿದ್ದಳು. ಆ ಬಿಸಿನೀರಿನ ಬೋಗಾಣಿಯ ಸಪ್ಪಳ ಅವನಿಗೆ ಈಗಲೇ ಕೇಳಿಸಿತು. "ಇಲ್ರಿ ಅಯ್ಯನೋರ," ಎಂದ. ತನ್ನ ದನಿ ಇಷ್ಟು ಸಲೀಸಾಗಿ ಬಂದದ್ದಕ್ಕೆ ಅವನಿಗೇ ಆಶ್ಚರ್ಯವಾಯಿತು. "ಸೊಂಟ ಹಿಡದದ, ಕೆಳಗ ಕೂತ್ರ ಏಳಾಕ ಆಗಂಗಿಲ್ಲ. ಬೀಗರು ಅದಾರಲ್ರಿ, ಅವರೂ ಅಜ್ಜನೇ. ಅವರ ತೊಡಿ ಮ್ಯಾಲೇ ಆಗ್ಲಿ." ರೇವಣಸಿದ್ದ, "ಛೇ ಛೇ, ನಿಮ್ಮ ಹಕ್ಕು ಅದು," ಎನ್ನುತ್ತಲೇ ಎದ್ದು ನಿಂತಿದ್ದ. ನೀಲಕಂಠ ಮಗಳ ಕಡೆ ನೋಡಬಾರದೆಂದುಕೊಂಡಿದ್ದವನು ನೋಡಿಬಿಟ್ಟ. ಅವಳ ಹೆಗಲು ಕೆಳಗಿಳಿದವು, ಮುಖ ಹಗುರಾಯಿತು, ಕಣ್ಣಲ್ಲಿ ನೀರು ಬಂತು. ಅಪ್ಪನ ಬಗ್ಗೆ ಅವಳಿಗೆ ಅಷ್ಟು ಪ್ರೀತಿ ಉಕ್ಕಿದ್ದನ್ನು ಅವನು ಅವಳ ಮದುವೆಯ ದಿನವೂ ಕಂಡಿರಲಿಲ್ಲ. ಅಯ್ಯನವರು ಮಂತ್ರ ಹೇಳತೊಡಗಿದರು. ಅಷ್ಟೂ ಹೊತ್ತು ನೀಲಕಂಠ ಸೊಂಟ ಹಿಡಿದವನ ಹಾಗೆ ಒಂದು ಕಡೆ ವಾಲಿ ಕೂತಿದ್ದ, ಕೊನೆಕೊನೆಗೆ ಅಲ್ಲಿ ನಿಜವಾಗಿಯೂ ನೋವು ಶುರುವಾಯಿತು.

ಬೀಗರು ಹೋದ ಮೇಲೆ ಹೊತ್ತು ಮುಳುಗುವ ಮುಂಚೆ ಕಲ್ಯಾಣಮ್ಮ ಕೆಂಡದ ಮೇಲೆ ಬೇವಿನಸೊಪ್ಪು, ಲೋಬಾನ ಹಾಕಿ ಮನೆಯ ಮೂಲೆಮೂಲೆಗೂ ಹೊಗೆ ತೋರಿಸಿದಳು. ಕಸ್ತೂರಿ ತೊಟ್ಟಿಲನ್ನು ಪಡಸಾಲೆಗೆ ತಂದಳು, ಇಲ್ಲಿ ಗಾಳಿ ಆಡುತ್ತದೆ ಎಂದು. ಅಪ್ಪನಿಗೆ ತಾನೇ ಹಾಲು ತಂದುಕೊಟ್ಟಳು, ದಿಂಬಿನ ಚೀಲ ಬದಲಿಸಿದಳು, ಸೊಂಟಕ್ಕೆ ಎಣ್ಣೆ ಕಾಸಿ ಕೊಡಲೇ ಎಂದು ಕೇಳಿದಳು. ಸೊಂಟಕ್ಕೆ ಏನೂ ಆಗಿಲ್ಲ ಎಂದು ಇಬ್ಬರಿಗೂ ಗೊತ್ತಿದ್ದರಿಂದ ಆ ಮಾತಿನಲ್ಲಿ ಒಂದು ಸಲಿಗೆ ಇತ್ತು. ಆಮೇಲೆ ಗಂಟು ಬಿಚ್ಚಿ ಮಚ್ಛರದಾನಿ ಇಳಿಬಿಟ್ಟು, ಮಂಚದ ಸುತ್ತ ಬಗ್ಗಿ ನಡೆಯುತ್ತ ಅಂಚನ್ನು ಗಾದಿಯ ಕೆಳಗೆ ಒತ್ತಿ ಒತ್ತಿ ಸಿಕ್ಕಿಸತೊಡಗಿದಳು. ನೀಲಕಂಠ ಒಳಗಿನಿಂದ ತೊಟ್ಟಿಲನ್ನೇ ನೋಡುತ್ತಿದ್ದ. ತಾನು ಮಗಳನ್ನು ಕಾಪಾಡಿದೆ ಎಂದುಕೊಂಡಿದ್ದ, ಮಧ್ಯಾಹ್ನದಿಂದ ಅದೇ ಒಂದು ಸಮಾಧಾನವನ್ನು ಹಿಡಿದು ಕೂತಿದ್ದ. ಈಗ ಹೊಗೆ ತೆಳುವಾಗಿ, ಬಾಗಿಲಿನಿಂದ ಗುಂಯ್ ಎಂಬ ಸಪ್ಪಳ ಒಳಗೆ ಬರತೊಡಗಿದಾಗ ಅವನು ಬಲೆಗೆ ಮುಖ ಹಚ್ಚಿ ನೋಡಿದ. ಕಸ್ತೂರಿಯ ಬರಿಗೈ ಮೇಲೆ ಒಂದು ಸೊಳ್ಳೆ ಕೂತಿತ್ತು. ಬಗ್ಗಿದವಳಿಗೆ ಅದು ತಿಳಿಯಲಿಲ್ಲ. ಹೊಟ್ಟೆ ತುಂಬಿಕೊಂಡು, ಭಾರವಾಗಿ ಎದ್ದು ತೊಟ್ಟಿಲ ಕಡೆಗೆ ಹಾರಿತು. ಕೂಸು ಕಾಲು ಬಡಿದು ಅಳಲು ಶುರುಮಾಡಿತು.

"ಕಸ್ತೂರೀ," ಎಂದು ಅವನು ಕೂಗಿದ. ಕೂಗು ಜೋರಾಗಿಯೇ ಬಂತು. "ಕೂಸಿಗೆ ಸೊಳ್ಳಿ ಕಚ್ಚಾಕತ್ತದ ನೋಡವ್ವಾ! ಅದರ ಮಚ್ಛರದಾನಿ ಹಾಕು ಮೊದ್ಲು!" ಅವಳು ಹೋಗಿ ಕೂಸಿನ ಕಾಲನ್ನು ಎತ್ತಿ ನೋಡಿದಳು, ಬೆರಳಿಗೆ ಉಗುಳು ಹಚ್ಚಿ ಗಂದೆಯ ಮೇಲೆ ತಿಕ್ಕಿದಳು, ತೊಟ್ಟಿಲು ತೂಗಿದಳು. ಆಮೇಲೆ ತಿರುಗಿ ಬಂದು, ಉಳಿದಿದ್ದ ಒಂದು ಮೂಲೆಯನ್ನು ಗಾದಿಯ ಕೆಳಗೆ ಸಿಕ್ಕಿಸುತ್ತ, ಬಲೆಯ ಆಚೆಯಿಂದ ಅವನ ಕಡೆ ಅಕ್ಕರೆಯಿಂದ ನಕ್ಕಳು.

"ಅಷ್ಟ್ಯಾಕ ಅಂಜತೀಯಪ್ಪಾ. ನೀ ಒಳಗ ಅದೀಯಲ್ಲ. ಅದು ಬರೇ ಸೊಳ್ಳಿ."